ಮೂರು ಮೂರಲೆ ಎಲ್ಲೆಲ್ಲೂ ಒಂಬತ್ತಲ್ಲ

ಕ್ರಮಯೋಜನೆ, ವಿಕಲ್ಪಗಳ ಅಧ್ಯಾಯವನ್ನು ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಕಲಿತ ನಿಮಗೆ ಅದರ ನೆನಪಿರಬಹುದು. 2018-19ರಲ್ಲಿ ಎನ್‌ಸಿಇಆರ್‌ಟಿಯ ಗಣಿತ ಪುಸ್ತಕ ಬಂದಾಗ ಅದು ಎಸ್ಸೆಸ್ಸೆಲ್ಸಿಯಿಂದ ಮರೆಯಾಯಿತು. ಈಗ ಅದು ಪಿಯುಸಿಯಲ್ಲಿ ಗಣಿತ ಆಯ್ದುಕೊಂಡವರ ಸೊತ್ತು. ಕಲಾ ವಿಭಾಗ ಸೇರುವವರು, ಹತ್ತಕ್ಕೇ ಓದು ನಿಲ್ಲಿಸಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯಲು ಕೂಡುವವರು ಅದನ್ನು ಕಾಣುವುದೇ ಇಲ್ಲ. ಸಂಭವನೀಯತೆಯ ಪಾಠದಲ್ಲಿ ಎರಡು ದಾಳಗಳ 36 ಫಲಿತಗಳು ಉಳಿದಿವೆ, ನಿಜ. ಅಷ್ಟರಿಂದಾಗದು. “ಹೊರೆ ಇಳಿಯಿತು” ಎಂದು ಹರ್ಷಪಟ್ಟ ಶಿಕ್ಷಕ ಮಿತ್ರರಿದ್ದಾರೆ. ಆ ಹರ್ಷವನ್ನು ನಾನು ಒಪ್ಪಲಾರೆ.

ಹೊರೆಯೆಂದರೆ ಯಾವುದು? ಖಾನಾವಳಿಯಲ್ಲಿ ಜೋಳ, ಸಜ್ಜೆ ಎಂದು ರೊಟ್ಟಿ ಎರಡು. ಬದನೆ, ಹೆಸರುಕಾಳು, ಪುಂಡಿ ಎಂದು ಪಲ್ಯ ಮೂರು. ಶೇಂಗಾ, ಅಗಸಿ ಎಂದು ಹಿಂಡಿ ಎರಡು. ಒಂದೊಂದನ್ನೇ ಆಯುವುದಾದರೆ 2×3×2, ಅಂದರೆ 12 ಬಗೆಯ ಊಟ. ಗುರೆಳ್ಳಿನ ಹಿಂಡಿಯೊಂದು ಸೇರಿದರೆ 13 ಅಲ್ಲ, 18. ಹೊಸ ಹಿಂಡಿಯು ರೊಟ್ಟಿ–ಪಲ್ಯಗಳ ಆರು ಜೋಡಿಗಳೊಡನೆಯೂ ಕೂಡುತ್ತದೆಂದು ತೋರಿಸಲು ಮಗ್ಗಿ ಸಾಕು. ಹೊರೆಯಾದದ್ದು ಮೊದಲ ದಿನವೇ ಕರಿಹಲಗೆಯ ಮೇಲೆ ಎನ್‌ಪಿಆರ್, ಎನ್‌ಸಿಆರ್ ಬರೆದು ಉರುಹೊಡೆಸುವ ಪದ್ಧತಿ. ಪದ್ಧತಿಯನ್ನು ತಿದ್ದುವ ಬದಲು ಪಾಠವನ್ನೇ ಕಿತ್ತೊಗೆದರು.

ಗುಣಾಕಾರಕ್ಕಿಂತ ದೊಡ್ಡ ಪಾಠವೆಂದರೆ ಎಲ್ಲಿ ಗುಣಿಸಬಾರದೆಂಬುದು. ಹಾವೇರಿಯಿಂದ ಬ್ಯಾಡಗಿಗೆ ಹೋಗಿ, ಕೆಲಸ ಮುಗಿಸಿ, ಮುಂದೆ ರಾಣೆಬೆನ್ನೂರಿಗೆ ಹೋಗಬೇಕೆನ್ನಿ. ಮೂರೂ ಊರುಗಳು ಒಂದೇ ರೈಲುಮಾರ್ಗದಲ್ಲಿವೆ, ಬಸ್ಸುಗಳೂ ಉಂಟು. ಆದ್ದರಿಂದ 2×2, ನಾಲ್ಕು ಬಗೆ. ಮನೆಯಲ್ಲಿ ಮೋಟಾರ್‌ಸೈಕಲ್ ಇದ್ದರೆ? ಸೂತ್ರ ಉರುಹೊಡೆದವನು 3×3=9 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ರೈಲಿನಲ್ಲಿ ಬ್ಯಾಡಗಿಗೆ ಬಂದಿಳಿದವನಿಗೆ ಅಲ್ಲಿ ಗಾಡಿ ಎಲ್ಲಿಂದ ಬರಬೇಕು? ಗಾಡಿಯಲ್ಲಿ ಬಂದವನು ಅದನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತುವನೇ? ಉತ್ತರ 4+1, ಐದು. (ಬಿಟ್ಟು ಹೋಗಿ ನಾಳೆ ತರುತ್ತೇನೆ ಸಾರ್ ಎನ್ನುವ ತಂಟೆಕೋರನೊಬ್ಬ ಪ್ರತಿ ತರಗತಿಯಲ್ಲೂ ಇರುತ್ತಾನೆ. ಅವನ ಲೆಕ್ಕ ಏಳು. ಅವನಿಗೂ ಪೂರ್ಣ ಅಂಕ ಕೊಡತಕ್ಕದ್ದು.) ಮೊದಲ ಆಯ್ಕೆ ಎರಡನೆಯದನ್ನು ಕಟ್ಟಿಹಾಕಿದರೆ ಗುಣಾಕಾರ ಸುಳ್ಳು ಹೇಳುತ್ತದೆ. ಇದನ್ನು ತಿಳಿಯುವ ಹಕ್ಕು ಗಣಿತ ಆಯ್ದುಕೊಂಡವರಿಗೆ ಮಾತ್ರವೇ?

ಇದು ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯನು ಆಯ್ಕೆಯ ಸಾಮಾನ್ಯ ನಿಯಮವನ್ನು ಕೊಟ್ಟು, ಆರು ರಸಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದೆಂದು ಕೇಳುತ್ತಾನೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ: ಒಂದೊಂದಕ್ಕೂ ಹಾಕು ಇಲ್ಲವೇ ಬಿಡು. ಎರಡನ್ನು ಆರು ಸಲ ಇಟ್ಟು ಗುಣಿಸಿದರೆ 64. ಏನನ್ನೂ ಹಾಕದ ಒಂದನ್ನು ಕಳೆದರೆ 63. ಹನ್ನೊಂದನೆಯ ತರಗತಿಯ ಪುಸ್ತಕವಾದರೋ ಮೂರು ಪ್ಯಾಂಟು, ಎರಡು ಅಂಗಿಗಳಿಂದ ಆರಂಭಿಸುತ್ತದೆ. ಹತ್ತು ವರ್ಷದ ಮಗುವಿಗೆ ಹೇಳಬಹುದಾದುದನ್ನು ಹದಿನಾರು ವರ್ಷದವರಿಗಾಗಿ ಕಾಯ್ದಿರಿಸುವುದು ಯಾವ ನ್ಯಾಯ?

ಏಳನೆಯ ತರಗತಿಯಲ್ಲಿ ಸೂತ್ರವಿಲ್ಲದೆ ನಾಲ್ಕು ಅವಧಿ ಕೊಟ್ಟರೆ ಸಾಕು. ಪಠ್ಯಪುಸ್ತಕ ಬರುವವರೆಗೆ ನಿಮ್ಮ ಮನೆಯ ಮಕ್ಕಳಿಗೆ ನೀವೇ ಕೊಡಿ: ಅದೇ ಪ್ರಯಾಣಿಕನು ರಾಣೆಬೆನ್ನೂರಿನಿಂದ ನೇರವಾಗಿ ಹಾವೇರಿಗೆ ಮರಳುವುದನ್ನೂ ಸೇರಿಸಿದರೆ, ಗಾಡಿಯನ್ನು ಎಲ್ಲಿಯೂ ಬಿಡದೆ, ಒಟ್ಟು ಎಷ್ಟು ಬಗೆ? ಉತ್ತರವನ್ನು ನನಗೆ ಬರೆದು ಕಳಿಸಲಿ. 27 ಎಂದವರ ಪತ್ರಕ್ಕೆ ನಾನು ಉತ್ತರಿಸುವುದಿಲ್ಲ.