ದುಡಿಮೆಗೂ ಒಂದು ಎಲ್ಲೆ ಬೇಕು

ಚಾಮರಾಜಪೇಟೆಯ ಮಸೀದಿಗಳಲ್ಲಿ ಇಶಾ ನಮಾಝ್ ಮುಗಿದೊಡನೆ ಮೊಬೈಲಿಗೆ ಕೈಹಾಕುವ ಯುವಕರನ್ನು ನಾವು ನಿತ್ಯವೂ ಕಾಣುತ್ತೇವೆ. ಹಿರಿಯರು ಇದನ್ನು ಚಟವೆಂದು ಗದರುವುದುಂಟು. ಆದರೆ ಅನೇಕರ ಪಾಲಿಗೆ ಅದು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುವ ಕಚೇರಿಯ ಕರೆ. ಮುಂಜಾನೆ ಮನೆಬಿಟ್ಟವನನ್ನು ಕೆಲಸವು ರಾತ್ರಿಯೂ ಬಿಡುತ್ತಿಲ್ಲ.

ಇದನ್ನೇ ಶ್ರಮನಿಷ್ಠೆಯೆಂದು ಹೊಗಳುವವರಿದ್ದಾರೆ. ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಹೇಳಿದರು. ಮರುವರ್ಷದ ಜುಲೈಯಲ್ಲಿ, ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ರಾಜ್ಯ ಸರಕಾರದ ಮುಂದೆ ಬಂದು, ನೌಕರರ ಸಂಘಟನೆಗಳ ತೀವ್ರ ವಿರೋಧಕ್ಕೆ ಗುರಿಯಾಯಿತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಾದರೋ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿದೆ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನ, ವಾರಕ್ಕೊಂದು ರಜೆ. ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2021ರಲ್ಲಿ ಪ್ರಕಟಿಸಿದವು. ನಾರಾಯಣಮೂರ್ತಿಯವರ ಲೆಕ್ಕದಲ್ಲಿ ಈ ಅಂಶ ಎಲ್ಲಿಯೂ ಕಾಣದು.

ಹಲಾಲ್ ಸಂಪಾದನೆಯೂ ಇಬಾದತ್ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಸರಿಯೇ. ಆದರೆ ಇಬಾದತ್‌ಗೇ ದೀನ್ ಒಂದು ಎಲ್ಲೆಯನ್ನು ಹಾಕಿದೆಯಲ್ಲ! ಅಬುದ್ದರ್ದಾ(ರ) ಅವರು ಹಗಲೆಲ್ಲ ಉಪವಾಸವಿದ್ದು ಇರುಳೆಲ್ಲ ನಮಾಝಿಗೆ ನಿಲ್ಲುತ್ತಿದ್ದರು. ಅತಿಥಿಯಾಗಿ ಬಂದ ಸಲ್ಮಾನ್(ರ) ಅವರು ಆತನ ಮಡದಿಯ ಕಳೆಗುಂದಿದ ರೂಪವನ್ನು ಕಂಡು, ಗೆಳೆಯನನ್ನು ಒತ್ತಾಯಿಸಿ ಉಣ್ಣಿಸಿದರು, ಮಲಗಿಸಿದರು; ದೇಹಕ್ಕೂ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು. ಪ್ರವಾದಿವರ್ಯರು(ಸ) ಸಲ್ಮಾನರ ಮಾತನ್ನೇ ಎತ್ತಿಹಿಡಿದರು. ಅಲ್ಲಾಹನ ಆರಾಧನೆಯಲ್ಲಿಯೇ ಮಡದಿಯ ಹಕ್ಕನ್ನು ಮರೆಯುವಂತಿಲ್ಲವೆಂದ ಮೇಲೆ, ಕಂಪೆನಿಯ ಗಡುವಿಗಾಗಿ ಮರೆಯಬಹುದೇ?

ಆದ್ದರಿಂದ ಕರೆಗೆ ಉತ್ತರಿಸಲಾಗದ ವೇಳೆ ಯಾವುದೆಂದು ಮೇಲಧಿಕಾರಿಗೆ ವಿನಯದಿಂದ, ಮೊದಲೇ ಬರೆದು ತಿಳಿಸುವುದು ಸೋಮಾರಿತನವಲ್ಲ. ಒಪ್ಪಿಕೊಂಡ ಗಂಟೆಗಳಲ್ಲಿ ಕೆಲಸಗಳ್ಳತನ ಮಾಡದವನಿಗೆ ಹಾಗೆ ಹೇಳುವ ನೈತಿಕ ಅಧಿಕಾರವಿದೆ. ಪಕ್ಕದ ಮನೆಯವನ ಸಂಬಳವನ್ನು ತೋರಿಸಿ ಮಗನನ್ನು ಚುಚ್ಚುವ ತಂದೆತಾಯಿಗಳೂ ಈ ವಿಷಯದಲ್ಲಿ ಯೋಚಿಸಬೇಕು.

ಆದರೆ ಕಂಪೆನಿಗಳನ್ನಷ್ಟೇ ದೂರಿ ಸುಮ್ಮನಾಗಲು ನಮಗೆ ಮನಸ್ಸಿಲ್ಲ. ಸಮುದಾಯವೂ ಒಬ್ಬ ಯಜಮಾನನೇ. ಫಜ್ರ್‌ಗೆ ಮುನ್ನ ಎದ್ದು, ಐದು ಹೊತ್ತಿನ ನಮಾಝಿಗೆ ನಿಂತು, ಬೆಳಿಗ್ಗೆ ಸಂಜೆ ಮಕ್ಕಳಿಗೆ ಪಾಠ ಹೇಳಿ, ನಡುವೆ ನಿಕಾಹ್, ಜನಾಝಾಗಳಿಗೆ ಓಡುವ ಇಮಾಮರ ದಿನವನ್ನು ಯಾರಾದರೂ ಗಂಟೆಗಳಲ್ಲಿ ಎಣಿಸಿದ್ದಾರೆಯೇ? ಮುಅಝ್ಝಿನರ ಸ್ಥಿತಿಯೂ ಬೇರೆಯಲ್ಲ. ಅನೇಕ ಕಡೆ ಅವರಿಗೆ ವಾರದ ರಜೆಯಿಲ್ಲ. ಕಾಯಿಲೆಬಿದ್ದ ತಾಯಿಯನ್ನು ನೋಡಲು ಊರಿಗೆ ಹೋಗಬೇಕೆಂದರೂ ಬದಲಿಯವರನ್ನು ತಾವೇ ಹುಡುಕಬೇಕು. ಕಚೇರಿಯಲ್ಲಿ ತನ್ನ ರಜೆಗಾಗಿ ವಾದಿಸುವವನೇ ಕಮಿಟಿಯಲ್ಲಿ ಕುಳಿತಾಗ, ಇಮಾಮರಿಗೇಕೆ ರಜೆಯೆಂದು ಕೇಳುತ್ತಾನೆ. ಮದ್ರಸಾದಲ್ಲಿ ಕಲಿಸುವ ನಾವು ಇದನ್ನು ಹೇಳಿದರೆ ಸ್ವಾರ್ಥವೆನಿಸೀತು, ಎನಿಸಲಿ. ಕೈಕೆಳಗಿನವರ ಮೇಲೆ ಅಳವಿಗೆ ಮೀರಿದ ಹೊರೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿರೆಂಬುದು ಪ್ರವಾದಿವರ್ಯರ(ಸ) ಆದೇಶ.

ಪರಿಹಾರ ದುಬಾರಿಯದೇನಲ್ಲ. ಚಾಮರಾಜಪೇಟೆ, ಕಲಾಸಿಪಾಳ್ಯಗಳಲ್ಲಿ ಒಂದು ಮಸೀದಿಯಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ನಾಲ್ಕೈದು ಕಮಿಟಿಗಳು ಸೇರಿ ಬದಲಿ ಇಮಾಮರೊಬ್ಬರನ್ನೂ ಬದಲಿ ಮುಅಝ್ಝಿನರೊಬ್ಬರನ್ನೂ ನೇಮಿಸಿ, ಸಂಬಳವನ್ನು ಹಂಚಿಕೊಂಡರೆ ಎಲ್ಲರಿಗೂ ಸರದಿಯಂತೆ ವಾರಕ್ಕೊಂದು ಬಿಡುವು ದೊರೆಯುತ್ತದೆ. ಮುಂದಿನ ಕಮಿಟಿ ಸಭೆಯಲ್ಲಿ ಈ ವಿಷಯವನ್ನು ಮೊದಲು ಚರ್ಚೆಗೆ ತೆಗೆದುಕೊಳ್ಳಲಿ.