ಇಲಿ ಕಾಟ: ಪಾಷಾಣಕ್ಕಿಂತ ಗಾರೆ ಮೇಲು

ವರ್ತಕರ ಲೆಕ್ಕದ ಪುಸ್ತಕದಲ್ಲಿ ಬಾಡಿಗೆ, ಬಡ್ಡಿ, ಹಮಾಲಿ, ಸಾಗಾಣಿಕೆಗಳಿಗೆ ಒಂದೊಂದು ಬಾಬು ಇರುತ್ತದೆ. ಇಲಿಗಳಿಂದಾಗುವ ನಷ್ಟಕ್ಕೆ ಮಾತ್ರ ಬಾಬು ಇರುವುದಿಲ್ಲ. ಅದು ತೂಕದ ಕೊರತೆ, ಹರಿದ ಚೀಲ, ಗಿರಾಕಿ ಹಿಂದಿರುಗಿಸಿದ ಸರಕು ಎಂಬ ಬೇರೆ ಹೆಸರುಗಳಲ್ಲಿ ಅಡಗಿರುತ್ತದೆ.

ದೊಡ್ಡ ಇಲಿಯೊಂದು ದಿನಕ್ಕೆ ತಿನ್ನುವುದು ಸುಮಾರು 20ರಿಂದ 30 ಗ್ರಾಂ ಮಾತ್ರ. ಅದು ಕಡಿದು ಚೆಲ್ಲುವ, ಮಲಮೂತ್ರದಿಂದ ಕೆಡಿಸುವ ದಾಸ್ತಾನು ಇದಕ್ಕಿಂತ ಬಹಳ ಹೆಚ್ಚು. ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುವುದರಿಂದ ಇಲಿಯು ಸದಾ ಏನನ್ನಾದರೂ ಕಡಿಯುತ್ತಿರುತ್ತದೆ. ವಿದ್ಯುತ್ ತಂತಿಯ ಹೊದಿಕೆ ಕಡಿದರೆ ಬೆಂಕಿ ಅನಾಹುತಕ್ಕೂ ದಾರಿಯಾಗುತ್ತದೆ. 2018ರಲ್ಲಿ ಅಸ್ಸಾಮಿನ ತಿನ್‌ಸುಕಿಯಾದಲ್ಲಿ ಎ.ಟಿ.ಎಂ. ಯಂತ್ರವೊಂದನ್ನು ಹೊಕ್ಕ ಇಲಿಗಳು 12 ಲಕ್ಷ ರೂಪಾಯಿಗೂ ಹೆಚ್ಚಿನ ನೋಟುಗಳನ್ನು ಚೂರು ಮಾಡಿದ್ದವು. ಉಕ್ಕಿನ ಪೆಟ್ಟಿಗೆಯ ಗತಿಯೇ ಹೀಗಾದರೆ ಗೋಣಿಚೀಲದ ಪಾಡೇನು?

ಇಷ್ಟಾದರೂ ಇಲಿ ಕಾಟಕ್ಕೆ ಪಾಷಾಣವೊಂದೇ ಮದ್ದೆಂಬ ಭಾವನೆ ಪೇಟೆಗಳಲ್ಲಿ ಬೇರೂರಿದೆ. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಆಹಾರವೂ ಆಶ್ರಯವೂ ಹಾಗೆಯೇ ಉಳಿದರೆ, ಸತ್ತವುಗಳ ಜಾಗವನ್ನು ಕೆಲವೇ ತಿಂಗಳಲ್ಲಿ ಹೊಸವು ತುಂಬುತ್ತವೆ. ಅಟ್ಟದ ಮೇಲೆ ಸತ್ತದ್ದು ನಾರುತ್ತದೆ. ತೆರೆದಿಟ್ಟ ವಿಷ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯಕಾರಿ.

ನಿಜವಾದ ಪರಿಹಾರ ಕಟ್ಟಡದಲ್ಲಿದೆ. ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು. ದೊಡ್ಡ ಇಲಿಗೆ 12 ಮಿಲಿಮೀಟರ್ ಸಾಕು. ಕೊಳವೆ, ಕೇಬಲ್‌ಗಳು ಗೋಡೆ ದಾಟುವ ರಂಧ್ರಗಳಿಗೆ ಉಕ್ಕಿನ ಜಾಲರಿ ತುರುಕಿ ಸಿಮೆಂಟ್ ಗಾರೆ ಮೆತ್ತಬೇಕು. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ, ಚರಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಬೇಕು. ಚೀಲಗಳನ್ನು ಗೋಡೆಗೆ ಒತ್ತದೆ, ನಡುವೆ ಓಡಾಡಲು ಜಾಗ ಬಿಟ್ಟು, ಮರದ ಚೌಕಟ್ಟಿನ ಮೇಲೆ ಪೇರಿಸಬೇಕು. ಹೀಗೆ ಮಾಡಿದರೆ ಇಲಿಯ ಹಿಕ್ಕೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಒಳಗುಳಿದವುಗಳಿಗೆ ಬೋನು ಹೂಡಬಹುದು. ದೊಡ್ಡ ಇಲಿ ಹೊಸ ವಸ್ತುವನ್ನು ಕೆಲವು ದಿನ ಶಂಕಿಸುತ್ತದೆ. ಆದುದರಿಂದ ಮೊದಲು ಬೋನನ್ನು ಹೂಡದೆ, ತಿಂಡಿಯನ್ನು ಮಾತ್ರ ಇಟ್ಟು ರೂಢಿ ಮಾಡಿಸುವುದು ಜಾಣತನ. ವಿಷ ಅನಿವಾರ್ಯವಾದಲ್ಲಿ ಅದು ಮುಚ್ಚಿದ ಪೆಟ್ಟಿಗೆಯೊಳಗೆ, ತಿಳಿದವರ ಕೈಯಿಂದಲೇ ಆಗತಕ್ಕದ್ದು.

ಆಹಾರ ಪದಾರ್ಥಗಳ ವ್ಯಾಪಾರಿಗಳಿಗೆ ಇದು ಕೇವಲ ಸಲಹೆಯಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ 2011ರಲ್ಲಿ ಹೊರಡಿಸಲಾದ ಪರವಾನಗಿ ನಿಯಮಗಳ 4ನೇ ಅನುಸೂಚಿಯು, ಕೀಟ ಮತ್ತು ಇಲಿಗಳು ನುಗ್ಗಬಹುದಾದ ರಂಧ್ರ, ಚರಂಡಿಗಳನ್ನು ಮುಚ್ಚಿಡಬೇಕು ಇಲ್ಲವೆ ಜಾಲರಿ ಹಾಕಬೇಕು ಎಂದು ವಿಧಿಸುತ್ತದೆ.

ಆದರೂ ಕೆಲಸ ನಿಲ್ಲುವುದು ಖರ್ಚಿನ ಪ್ರಶ್ನೆಯಲ್ಲಿ. ಹಳೆಯ ಪೇಟೆಗಳ ಅಂಗಡಿಕಾರರಲ್ಲಿ ಅನೇಕರು ಬಾಡಿಗೆದಾರರು. ಪರರ ಗೋಡೆಗೆ ತಾನೇಕೆ ಹಣ ಹಾಕಬೇಕೆಂದು ಬಾಡಿಗೆದಾರ ಕೇಳುತ್ತಾನೆ. ಬಾಡಿಗೆ ಬರುತ್ತಿರುವಾಗ ದುರಸ್ತಿ ಏಕೆಂದು ಮಾಲೀಕ ಸುಮ್ಮನಿರುತ್ತಾನೆ. ಇವರಿಬ್ಬರ ವಾದದ ನಡುವೆ ಇಲಿ ನೆಮ್ಮದಿಯಾಗಿ ಸಂಸಾರ ಹೂಡುತ್ತದೆ. ಗೋಡೆಯ ದುರಸ್ತಿ ಮಾಲೀಕನದು, ದಾಸ್ತಾನಿನ ಶಿಸ್ತು ಬಾಡಿಗೆದಾರನದು ಎಂದು ಕರಾರು ನವೀಕರಣದ ವೇಳೆ ಲಿಖಿತವಾಗಿ ನಮೂದಿಸುವುದು ನ್ಯಾಯ.

ಸಾಲಂಗಡಿಗಳಿಗೆ ಗೋಡೆ ಒಂದೇ, ಮಾಡು ಒಂದೇ, ಚರಂಡಿಯೂ ಒಂದೇ. ಒಬ್ಬನು ಮಾತ್ರ ಬಿಲ ಮುಚ್ಚಿದರೆ ಇಲಿ ನೆರೆಯವನ ಅಂಗಡಿಗೆ ದಾಟಿ, ಸಂದು ಸಿಕ್ಕಾಗ ಮರಳುತ್ತದೆ. ಆದುದರಿಂದ ಬೀದಿಯ ವರ್ತಕರ ಸಂಘಗಳೇ ಮುಂದಾಗಿ, ಇಡೀ ಸಾಲಿನ ಕೆಲಸವನ್ನು ಒಂದೇ ವಾರದಲ್ಲಿ ಮುಗಿಸಿ, ವೆಚ್ಚವನ್ನು ಅಂಗಡಿಯ ಅಳತೆಗೆ ತಕ್ಕಂತೆ ಹಂಚಿಕೊಳ್ಳುವುದು ಒಳಿತು. ಬಿಲ ಮುಚ್ಚುವ ಗಾರೆಯ ಖರ್ಚು ಒಮ್ಮೆ ಕಣ್ಣಿಗೆ ಕಾಣುತ್ತದೆ. ಮುಚ್ಚದ ಬಿಲದ ಖರ್ಚು ಕಾಣದೆಯೇ ಪ್ರತಿ ರಾತ್ರಿ ಬೀಳುತ್ತದೆ.