ಬೈಗುಳ ಚಾಲಕನಿಗೆ, ಗಂಟೆಗಳ ಲೆಕ್ಕ ಯಾರಿಗೆ?

ಲಾರಿ ಅಪಘಾತಕ್ಕೆ ಚಾಲಕರ ಬೇಜವಾಬ್ದಾರಿಯೇ ಮೂಲ, ದುಡಿಮೆಯ ಗಂಟೆ ಬರೆದಿಡುವುದು ಬರೀ ಕಾಗದದ ಕಸರತ್ತು ಎಂಬ ಲೇಖನವನ್ನು ಒಪ್ಪಲಾರೆ. ಕೊಳ್ಳೇಗಾಲದಿಂದ ದಿಂಬಂ ಘಟ್ಟದತ್ತ ಹೊರಟವನನ್ನೇ ನೋಡಿ. ಅಲ್ಲಿ ಲಾರಿಗಳಿಗೆ ರಾತ್ರಿ ನಿರ್ಬಂಧವಿದೆ; ಹೊತ್ತಿಗೆ ಮುಂಚೆ ದಾಟಿಸುವ ಅವಸರ ಮಾಲೀಕನದು, ಪ್ರಾಣ ಚಾಲಕನದು. ಹನೂರು, ಯಳಂದೂರು ಕಡೆಯ ಕಬ್ಬಿನ ಲಾರಿಯವರು ಕಾರ್ಖಾನೆ ಬಾಗಿಲಲ್ಲಿ ಸರದಿ ಕಾಯುವ ರಾತ್ರಿಯನ್ನು ದುಡಿಮೆ ಎಂದು ಎಣಿಸುವವರಾರು? ದಿನಕ್ಕೆ 8 ಗಂಟೆ, ವಾರಕ್ಕೆ 48 ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಮಾಲೀಕರಿಂದ ಗಂಟೆಗಳನ್ನು ಮೊದಲೇ ನಿಗದಿ ಮಾಡಿಸಿ ದಾಖಲಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ರಾಜ್ಯಕ್ಕೆ ಕೊಟ್ಟಿದೆ. ಟ್ರಿಪ್ ಲೆಕ್ಕದಲ್ಲಿ ಕೂಲಿ ಕೊಟ್ಟು, ನಿದ್ದೆಗೆಟ್ಟವನನ್ನೇ ಬೈಯುವುದು ಅನ್ಯಾಯ. ದಾಖಲೆಯಿದ್ದರೆ ತಾನೇ ಅವನು ‘ಇನ್ನು ಓಡಿಸಲಾರೆ’ ಎನ್ನಬಲ್ಲ? ಕಾಯುವ ಗಂಟೆಗಳೂ ಅದರಲ್ಲಿ ಸೇರಲಿ, ಮೊದಲ ಸಹಿ ಮಾಲೀಕನದಿರಲಿ.